ಕರ್ನಾಲಿನಿಂದ ಆಕಾಶಕ್ಕೆ: ಕಲ್ಪನಾ ಚಾವ್ಲಾ ನಡೆದ ದಾರಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಸಾಧಕರೊಬ್ಬರ ಜೀವನಚಿತ್ರ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಮಲೆನಾಡಿನಲ್ಲಿ ಸಾಧಕರಿಗೆ ಬರವಿಲ್ಲ. ಕುಪ್ಪಳಿ ನಮ್ಮ ತಾಲ್ಲೂಕಿನಲ್ಲೇ ಇದೆ. ಆದರೂ ನಾನು ದೂರದ ಹರಿಯಾಣದ ಒಬ್ಬ ಹೆಣ್ಣುಮಗಳನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ನಾನು ವಿಜ್ಞಾನ ಪಾಠ ಮಾಡಿದಷ್ಟು ವರ್ಷವೂ ಮಕ್ಕಳು ತಪ್ಪದೆ ಕೇಳಿದ ಒಂದು ಪ್ರಶ್ನೆಯಿದೆ. ಗಗನಯಾತ್ರಿ ಆಗಬೇಕಾದರೆ ಎಸ್ಸೆಸ್ಸೆಲ್ಸಿ ಆದಮೇಲೆ ಯಾವ ಕೋರ್ಸಿಗೆ ಸೇರಬೇಕು, ಎಷ್ಟು ವರ್ಷ ಓದಬೇಕು ಎಂಬುದು ಆ ಪ್ರಶ್ನೆ. ಅದಕ್ಕೆ ಒಂದು ಸಾಲಿನ ಉತ್ತರ ನನ್ನ ಬಳಿ ಎಂದೂ ಇರಲಿಲ್ಲ. ಹಾಗಾಗಿ ಕಲ್ಪನಾ ಚಾವ್ಲಾ ಅವರ ಬದುಕನ್ನು ಮೊದಲಿನಿಂದ ಹೇಳುತ್ತಾ ಬಂದೆ. ತರಗತಿಯಲ್ಲಿ ಹೇಳಿದ್ದನ್ನೇ ಇಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ಊರಿನವರಿಗೂ ಬರೆದು ಒಪ್ಪಿಸುತ್ತಿದ್ದೇನೆ.

ಕರ್ನಾಲ್ ಎಂಬುದು ದೆಹಲಿಯಿಂದ ಚಂಡೀಗಢಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಸುತ್ತ ಗೋಧಿ, ಭತ್ತ ಬೆಳೆಯುವ ಬಯಲು. ನಮ್ಮ ಹಾಗೆ ಗುಡ್ಡವಿಲ್ಲ, ಕಾಡಿಲ್ಲ. ಅಲ್ಲಿನ ಬನಾರಸಿ ಲಾಲ್ ಚಾವ್ಲಾ ಮತ್ತು ಸಂಜ್ಯೋತಿ ದಂಪತಿಯ ನಾಲ್ಕು ಮಕ್ಕಳಲ್ಲಿ ಕೊನೆಯವಳು ಕಲ್ಪನಾ. ದೇಶ ವಿಭಜನೆಯಾದಾಗ ಈ ಕುಟುಂಬ ಪಶ್ಚಿಮ ಪಂಜಾಬಿನಲ್ಲಿದ್ದ ಎಲ್ಲವನ್ನೂ ಬಿಟ್ಟು ಬಂದಿತ್ತು. ಶರಾವತಿ ಮುಳುಗಡೆಯಲ್ಲಿ ಮನೆ, ಗದ್ದೆ, ತೋಟ ಕಳೆದುಕೊಂಡ ಸಾಗರ, ಹೊಸನಗರ ಕಡೆಯ ಹಿರಿಯರಿಗೆ ಅಂಥ ಕಷ್ಟವನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ. ಬನಾರಸಿ ಲಾಲ್ ಬೀದಿಯಲ್ಲಿ ಸಾಮಾನು ಮಾರಿದರು, ಸಿಕ್ಕ ಕೆಲಸ ಮಾಡಿದರು, ಕೊನೆಗೆ ಟಯರ್ ಉದ್ಯಮದಲ್ಲಿ ನೆಲೆನಿಂತರು. ಕಲ್ಪನಾ ಹುಟ್ಟಿ ಬೆಳೆಯುವ ಹೊತ್ತಿಗೆ ಮನೆಯಲ್ಲಿ ಊಟ ಬಟ್ಟೆಗೆ ಕೊರತೆಯಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಡತನ ಗೆದ್ದ ಕಥೆ ಇದಲ್ಲ. ಹಣವಿದ್ದ ಮನೆಯಲ್ಲೂ ಹೆಣ್ಣುಮಗಳಿಗೆ ಎಷ್ಟು ಬಾಗಿಲುಗಳು ಮುಚ್ಚಿರುತ್ತವೆ, ಅವು ಒಂದೊಂದಾಗಿ ಹೇಗೆ ತೆರೆದವು ಎಂಬ ಕಥೆ.

ಆಕೆ ಹುಟ್ಟಿದ್ದು 17 ಮಾರ್ಚ್ 1962ರಂದು. ದಾಖಲೆಯಲ್ಲಿರುವುದು ಮಾತ್ರ 1 ಜುಲೈ 1961. ಮೆಟ್ರಿಕ್ ಪರೀಕ್ಷೆಗೆ ಕೂರಲು ವಯಸ್ಸು ಸಾಲಬೇಕೆಂದು ಹಾಗೆ ಬರೆಸಿದ್ದರು. ನಮ್ಮ ದಾಖಲಾತಿ ಪುಸ್ತಕ ತೆರೆದು ನೋಡಿದವರಿಗೆ ಇದು ಹೊಸದಲ್ಲ. ಜೂನ್ 1ರಂದೇ ಹುಟ್ಟಿದವರು ಒಂದೊಂದು ತರಗತಿಯಲ್ಲೂ ಎಷ್ಟೊಂದು ಮಂದಿ! ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. ಮನೆಯಲ್ಲಿ ಆಕೆಯನ್ನು ಎಲ್ಲರೂ ಮೋಂಟು ಎಂದೇ ಕರೆಯುತ್ತಿದ್ದರು. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಮುಖ್ಯೋಪಾಧ್ಯಾಯಿನಿ ಹೆಸರು ಕೇಳಿದರು. ಹೆಸರಿನ್ನೂ ನಿಶ್ಚಯವಾಗಿಲ್ಲ, ಎರಡು ಮೂರು ಹೆಸರು ಮನಸ್ಸಿನಲ್ಲಿವೆ ಎಂದು ಜೊತೆಗೆ ಬಂದಿದ್ದವರು ಹೇಳಿದರು. ಯಾವುದು ಬೇಕೆಂದು ಮಗುವನ್ನೇ ಕೇಳಿದಾಗ ಆಕೆ ಕಲ್ಪನಾ ಎಂಬುದನ್ನು ಆರಿಸಿಕೊಂಡಳು. ತನ್ನ ಹೆಸರನ್ನು ತಾನೇ ಇಟ್ಟುಕೊಂಡ ಹುಡುಗಿ.

ಓದಿದ್ದು ಕರ್ನಾಲಿನ ಟ್ಯಾಗೋರ್ ಬಾಲ ನಿಕೇತನ ಶಾಲೆಯಲ್ಲಿ. ಬೇಸಿಗೆಯಲ್ಲಿ ಅಲ್ಲಿಯ ಜನ ಸೆಕೆ ತಾಳದೆ ಮನೆಯ ಹೊರಗೆ, ತಾರಸಿಯ ಮೇಲೆ ಮಲಗುತ್ತಾರೆ. ಆಗುಂಬೆಯ ಮಕ್ಕಳಿಗೆ ಜೂನ್ ಬಂತೆಂದರೆ ಮತ್ತೆ ನಕ್ಷತ್ರ ಕಾಣಲು ತಿಂಗಳುಗಟ್ಟಲೆ ಕಾಯಬೇಕು. ಕರ್ನಾಲಿನ ಆ ಹುಡುಗಿಗೆ ನಕ್ಷತ್ರಗಳು ಹಾಸಿಗೆಯಲ್ಲಿ ಮಲಗಿದಲ್ಲೇ ಕಾಣುತ್ತಿದ್ದವು. ಊರಿನಲ್ಲೊಂದು ಫ್ಲೈಯಿಂಗ್ ಕ್ಲಬ್ ಕೂಡ ಇತ್ತು. ಚಿಕ್ಕ ವಿಮಾನಗಳು ಮನೆಗಳ ಮೇಲೆಯೇ ಹಾರಿಹೋಗುತ್ತಿದ್ದವು. ಅವನ್ನು ನೋಡಿ ನೋಡಿ, ಚಿತ್ರ ಬಿಡಿಸಲು ಹೇಳಿದಾಗಲೆಲ್ಲ ಆಕೆ ವಿಮಾನವನ್ನೇ ಬಿಡಿಸುತ್ತಿದ್ದಳು. ಮಗಳ ಕಾಟಕ್ಕೆ ಸೋತು ತಂದೆ ಅಣ್ಣನನ್ನೂ ಆಕೆಯನ್ನೂ ಆ ಕ್ಲಬ್ಬಿಗೆ ಕರೆದೊಯ್ದು ಪುಷ್ಪಕ್ ವಿಮಾನದಲ್ಲಿ ಒಂದು ಸುತ್ತು ಹಾಕಿಸಿದರು. ಪುಷ್ಪಕ್ ಎಂಬ ಆ ಎರಡು ಆಸನದ ವಿಮಾನವನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ. ಕಲ್ಪನಾಳನ್ನು ನೆಲದಿಂದ ಮೇಲಕ್ಕೆ ಎತ್ತಿದ ಯಂತ್ರ ಕರ್ನಾಟಕದ್ದು ಎಂದು ಹೇಳುವಾಗ ನನ್ನ ತರಗತಿಯ ಮಕ್ಕಳ ಮುಖ ಅರಳುತ್ತಿತ್ತು.

1932ರಲ್ಲಿ ಕರಾಚಿಯಿಂದ ಬೊಂಬಾಯಿಗೆ ಅಂಚೆ ಚೀಲ ಹೊತ್ತ ಪುಟ್ಟ ವಿಮಾನವನ್ನು ಜೆ.ಆರ್.ಡಿ. ಟಾಟಾ ತಾವೇ ಓಡಿಸಿಕೊಂಡು ಬಂದಿದ್ದರು. ಆ ಸಾಹಸ ತನ್ನನ್ನು ಸೆಳೆದಿತ್ತೆಂದು ಕಲ್ಪನಾ ಮುಂದೆ ನೆನೆಯುತ್ತಿದ್ದರು. ಗಮನಿಸಬೇಕಾದ ಸಂಗತಿ ಒಂದಿದೆ. ಶಾಲೆಯಲ್ಲಿದ್ದಾಗ ಆಕೆಯ ಆಸೆ ಇದ್ದದ್ದು ವಿಮಾನ ತಯಾರಿಸುವ ಎಂಜಿನಿಯರ್ ಆಗಬೇಕೆಂಬುದಷ್ಟೆ. ಗಗನಯಾತ್ರಿ ಎಂಬ ಗುರಿ ಆಗ ಇರಲಿಲ್ಲ. ಇದ್ದಿದ್ದರೂ ಅದಕ್ಕೆ ಹೋಗುವ ದಾರಿ ಭಾರತದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ನಮ್ಮ ಮೊದಲ ಉಪಗ್ರಹ ಆರ್ಯಭಟ ಕಕ್ಷೆ ಸೇರಿದ್ದೇ 1975ರಲ್ಲಿ. ಮರುವರ್ಷ, 1976ರಲ್ಲಿ, ಕಲ್ಪನಾ ಶಾಲೆ ಮುಗಿಸಿದಳು.

ಕರ್ನಾಲಿನಲ್ಲೇ ಕಾಲೇಜು ಓದಿ, ಎಂಜಿನಿಯರಿಂಗ್ ಪ್ರವೇಶಕ್ಕೆಂದು ಆಕೆ ಚಂಡೀಗಢಕ್ಕೆ ಹೊರಟಾಗ ಬೆನ್ನಿಗೆ ನಿಂತವರು ತಾಯಿ. ಡಾಕ್ಟರೋ ಶಿಕ್ಷಕಿಯೋ ಆದರೆ ಸಾಕು ಎಂಬ ಮಾತು ಸುತ್ತಲೂ ಇತ್ತು. ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಯಾವ ವಿಭಾಗ ಎಂದು ಕೇಳಿದಾಗ ವೈಮಾನಿಕ ಎಂಜಿನಿಯರಿಂಗ್ ಎಂದಳು. ಅದರಲ್ಲಿ ಕೆಲಸ ಸಿಗುವುದು ಕಷ್ಟ, ಹುಡುಗಿಯರಿಗೆ ಇನ್ನೂ ಕಷ್ಟ, ಬೇರೆ ವಿಭಾಗ ತೆಗೆದುಕೊ ಎಂದು ಅಧ್ಯಾಪಕರು ಬುದ್ಧಿ ಹೇಳಿದರು. ಅವರು ಹೇಳಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಾವೂ ನಮ್ಮ ಮಕ್ಕಳಿಗೆ ಹೀಗೆಯೇ ಹೇಳುತ್ತೇವೆ. ಆಕೆ ಎರಡನೆಯ ಆಯ್ಕೆಯನ್ನೇ ಬರೆಯಲಿಲ್ಲ. ತರಗತಿಯಲ್ಲಿ ಆಕೆಯೊಬ್ಬಳೇ ಹುಡುಗಿ. 1982ರಲ್ಲಿ ಪದವಿ ಕೈಗೆ ಬಂತು.

ಇನ್ನು ಅಮೆರಿಕದ ಮಾತು. ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಪ್ರವೇಶ ಸಿಕ್ಕಿತ್ತು. ಮದುವೆಯಾಗದ ಹುಡುಗಿಯನ್ನು ಒಬ್ಬಳೇ ಸಮುದ್ರದಾಚೆ ಕಳಿಸುವುದೆಂದರೆ ಆ ಕಾಲದ ಕರ್ನಾಲಿನಲ್ಲಿ ಸಣ್ಣ ಮಾತಲ್ಲ. ಮನೆಯ ಒಪ್ಪಿಗೆ ಸಿಗುವುದು ತಡವಾಯಿತು. ಕೊನೆಗೆ ತಂದೆ ಒಪ್ಪಿದರು, ಅಣ್ಣ ಜೊತೆಯಾದ. ಆಕೆ ಅಲ್ಲಿಗೆ ಮುಟ್ಟುವಾಗ ತರಗತಿಗಳು ಶುರುವಾಗಿ ಹೋಗಿದ್ದವು. ಸ್ವಲ್ಪ ದಿನ ತಡವಾಗಿದ್ದರೆ ಆ ವರ್ಷದ ಅವಕಾಶವೇ ಕೈತಪ್ಪುತ್ತಿತ್ತು. ಈ ಬದುಕಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಘಟ್ಟ ಇದೇ. ರಾಕೆಟ್ಟಿನ ಬೆಂಕಿಗಿಂತ ಮೊದಲು ದಾಟಬೇಕಾಗಿದ್ದದ್ದು ಮನೆಯ ಹೊಸ್ತಿಲು. ಆ ಹೊಸ್ತಿಲನ್ನು ಆಕೆ ಒಬ್ಬಳೇ ದಾಟಲಾಗುತ್ತಿರಲಿಲ್ಲ. ಮನೆಯವರೂ ಒಂದು ಹೆಜ್ಜೆ ಇಡಬೇಕಾಯಿತು.

ಮುಂದಿನ ಆರು ವರ್ಷ ಕಲ್ಪನಾ ಅವರು ಓದಿದರು. 1984ರಲ್ಲಿ ಎಂ.ಎಸ್. ಮುಗಿಯಿತು. ಅದರ ಹಿಂದಿನ ವರ್ಷದ ಕೊನೆಯಲ್ಲಿ ವಿಮಾನ ಹಾರಾಟದ ಶಿಕ್ಷಕರಾದ ಜೀನ್ ಪಿಯರ್ ಹ್ಯಾರಿಸನ್ ಅವರೊಂದಿಗೆ ಮದುವೆಯಾಗಿತ್ತು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ, 1988ರಲ್ಲಿ ಪಿಎಚ್‌ಡಿ ಪಡೆದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು.

ಅಲ್ಲಿ ಅವರು ಮಾಡಿದ ಕೆಲಸ ಆಕಾಶಕ್ಕೆ ಹೋಗುವುದಕ್ಕೆ ಸಂಬಂಧಪಟ್ಟದ್ದೇ ಆಗಿರಲಿಲ್ಲ. ಕೆಲವು ಯುದ್ಧವಿಮಾನಗಳು ರನ್‌ವೇಯಲ್ಲಿ ಓಡದೆ ನಿಂತಲ್ಲಿಂದಲೇ ನೇರ ಮೇಲೇಳುತ್ತವೆ. ಅವು ಕೆಳಮುಖವಾಗಿ ಉಗುಳುವ ಬಿಸಿಗಾಳಿ ನೆಲಕ್ಕೆ ಬಡಿದು ವಾಪಸ್ಸು ಬಂದು ವಿಮಾನವನ್ನೇ ಅಲ್ಲಾಡಿಸುತ್ತದೆ. ಜೋರಾಗಿ ಬಿಟ್ಟ ನೀರು ಗದ್ದೆಯ ಬದುವಿಗೆ ಬಡಿದು ಹಿಂದಕ್ಕೆ ಸುಳಿ ಸುತ್ತುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆ ಸುಳಿಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ತಿಳಿಯುವುದು ಹೇಗೆ ಎಂಬುದು ಅವರ ಸಂಶೋಧನೆ. ವರ್ಷಗಟ್ಟಲೆ ಕುಳಿತು ಮಾಡುವ ಕೆಲಸ. 1993ರಲ್ಲಿ ಒಂದು ಖಾಸಗಿ ಸಂಶೋಧನಾ ಸಂಸ್ಥೆಗೆ ಉಪಾಧ್ಯಕ್ಷೆಯಾಗಿ ಹೋಗಿ ಅದೇ ಲೆಕ್ಕಾಚಾರವನ್ನು ಮುಂದುವರಿಸಿದರು. ಬಿಡುವಿನಲ್ಲಿ ವಿಮಾನ ಓಡಿಸಲು ಕಲಿತರು. ಒಂದು ಎಂಜಿನ್ನಿನದು, ಹೆಚ್ಚು ಎಂಜಿನ್ನಿನದು, ನೀರಿನ ಮೇಲೆ ಇಳಿಯುವುದು, ಎಂಜಿನ್ನೇ ಇಲ್ಲದ ಗ್ಲೈಡರ್ ಎಲ್ಲಕ್ಕೂ ಪರವಾನಗಿ ಪಡೆದು, ಬೇರೆಯವರಿಗೆ ಕಲಿಸುವ ಅರ್ಹತೆಯನ್ನೂ ಗಳಿಸಿದರು. ಚಿಕ್ಕಂದಿನಲ್ಲಿ ಪುಷ್ಪಕ್ ಏರಿದಾಗ ಹಿಡಿದ ಹುಚ್ಚು ಬಿಟ್ಟಿರಲಿಲ್ಲ.

1991ರಲ್ಲಿ ಅವರು ಅಮೆರಿಕದ ಪೌರತ್ವ ಪಡೆದರು. ನಾಸಾದ ಗಗನಯಾತ್ರಿ ಹುದ್ದೆಗೆ ಅರ್ಜಿ ಹಾಕಲು ಅದು ಬೇಕಿತ್ತು. ಹಾಗಾದರೆ ಅವರು ನಮ್ಮವರು ಹೇಗಾಗುತ್ತಾರೆ ಎಂದು ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಊರು ಬಿಟ್ಟು ಬೆಂಗಳೂರಿಗೋ ಮುಂಬೈಗೋ ಹೋಗಿ ನೆಲೆಸಿದ ನಿಮ್ಮ ಚಿಕ್ಕಪ್ಪ, ಅತ್ತೆ ನಿಮ್ಮವರು ಹೌದೋ ಅಲ್ಲವೋ ಎಂದು ನಾನು ತಿರುಗಿ ಕೇಳುತ್ತಿದ್ದೆ. ಈ ಪ್ರಶ್ನೆಗೆ ಕಲ್ಪನಾ ಅವರೇ ಮಾಡಿ ತೋರಿಸಿದ ಉತ್ತರವೊಂದಿದೆ. ಅದು ಮುಂದೆ ಬರುತ್ತದೆ.

ಮಕ್ಕಳು ಕೇಳುವ ಕೋರ್ಸಿನ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬಹುದು. ಗಗನಯಾತ್ರಿ ಎಂಬ ಡಿಗ್ರಿ ಎಲ್ಲೂ ಇಲ್ಲ. ವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ, ಗಣಿತ ಇವುಗಳಲ್ಲಿ ಒಂದನ್ನು ಆಳವಾಗಿ ಕಲಿತು, ಅದರಲ್ಲಿ ಕೆಲವು ವರ್ಷ ಗಟ್ಟಿಯಾಗಿ ದುಡಿದವರನ್ನು ಕರೆದು, ಆರೋಗ್ಯ ಪರೀಕ್ಷಿಸಿ, ಆಮೇಲೆ ತರಬೇತಿ ಕೊಡುತ್ತಾರೆ. ಕಲ್ಪನಾ ಅವರ ಕೊನೆಯ ಯಾನದ ಏಳು ಮಂದಿಯಲ್ಲಿ ವಿಮಾನ ಚಾಲಕರಿದ್ದರು, ಇಬ್ಬರು ವೈದ್ಯರಿದ್ದರು, ಭೌತಶಾಸ್ತ್ರ ಓದಿದವರಿದ್ದರು. ಬೇರೆ ಬೇರೆ ದಾರಿಯಲ್ಲಿ ಬಂದವರು ಒಂದೇ ನೌಕೆ ಹತ್ತಿದ್ದರು.

ಸುಮಾರು 3,000 ಅರ್ಜಿಗಳಲ್ಲಿ ನಾಸಾ 19 ಮಂದಿಯನ್ನು ಆರಿಸಿದ್ದು 1994ರ ಡಿಸೆಂಬರಿನಲ್ಲಿ. ಅವರಲ್ಲಿ ಕಲ್ಪನಾ ಒಬ್ಬರು. 1995ರ ಮಾರ್ಚಿನಲ್ಲಿ ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ತರಬೇತಿ ಶುರುವಾಯಿತು. ಜೆಟ್ ವಿಮಾನದಲ್ಲಿ ಹಾರಾಟ, ದೊಡ್ಡ ಕೊಳದ ನೀರಿನಲ್ಲಿ ಮುಳುಗಿ ಕೆಲಸ ಮಾಡುವ ಅಭ್ಯಾಸ, ಕಾಡಿನಲ್ಲಿ ಬದುಕುಳಿಯುವ ಪಾಠ, ನೌಕೆಯ ನೂರಾರು ಗುಂಡಿಗಳ ಪರಿಚಯ. ಬದುಕುಳಿಯುವ ಪಾಠವನ್ನು ಆಗುಂಬೆಯ ಜಿಗಣೆಗಳ ನಡುವೆ ಮಾಡಿಸಬೇಕಿತ್ತು ಎಂದು ಒಬ್ಬ ಹುಡುಗ ಹೇಳಿ ತರಗತಿಯನ್ನೆಲ್ಲ ನಗಿಸಿದ್ದ.

1997ರ ನವೆಂಬರ್ 19ರಂದು ಕೊಲಂಬಿಯಾ ನೌಕೆ ಮೇಲೇರಿತು. ಭಾರತದಲ್ಲಿ ಹುಟ್ಟಿದ ಹೆಣ್ಣೊಬ್ಬಳು ಬಾಹ್ಯಾಕಾಶಕ್ಕೆ ಹೋದದ್ದು ಅದೇ ಮೊದಲು. ರಾಕೇಶ್ ಶರ್ಮಾ ಅವರು ಸೋವಿಯತ್ ನೌಕೆಯಲ್ಲಿ ಹೋಗಿ ಬಂದು ಆಗಲೇ 13 ವರ್ಷ ಕಳೆದಿತ್ತು. ಹತ್ತನೇ ತರಗತಿ ಮುಗಿಸಿದ 21 ವರ್ಷಗಳ ಮೇಲೆ ಕಲ್ಪನಾ ಆಕಾಶ ಮುಟ್ಟಿದರು. ಈ ಲೆಕ್ಕವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. 21 ವರ್ಷದ ದಾರಿ, 16 ದಿನಗಳ ಯಾನ. ಆ ದಿನಗಳಲ್ಲಿ ಅವರು ಭೂಮಿಯನ್ನು 252 ಸುತ್ತು ಹಾಕಿ, ಒಂದು ಕೋಟಿ ಕಿ.ಮೀ.ಗೂ ಹೆಚ್ಚು ದೂರ ಪಯಣಿಸಿದರು. ಸುಮಾರು 90 ನಿಮಿಷಕ್ಕೊಂದು ಸುತ್ತು. ಆಗುಂಬೆಯ ಸೂರ್ಯಾಸ್ತ ನೋಡಲು ಎಲ್ಲೆಲ್ಲಿಂದಲೋ ಜನ ಬಂದು ಘಾಟಿಯ ಮೇಲೆ ಕಾದು ನಿಲ್ಲುತ್ತಾರೆ. ಅವರಿಗೆ ಅಲ್ಲಿ ದಿನಕ್ಕೆ 16 ಸೂರ್ಯಾಸ್ತ.

ಆ ಮೊದಲ ಯಾನ ಸುಗಮವಾಗಿರಲಿಲ್ಲ. ಸೂರ್ಯನನ್ನು ಅಧ್ಯಯನ ಮಾಡುವ ಸ್ಪಾರ್ಟನ್ ಎಂಬ ಉಪಗ್ರಹವನ್ನು ನೌಕೆಯ ರೋಬಾಟ್ ತೋಳಿನಿಂದ ಹೊರಗೆ ಬಿಡುವ ಕೆಲಸ ಕಲ್ಪನಾ ಅವರದಾಗಿತ್ತು. ಬಿಟ್ಟ ಉಪಗ್ರಹ ತನ್ನ ಕೆಲಸ ಆರಂಭಿಸಲಿಲ್ಲ. ಮತ್ತೆ ಹಿಡಿಯಲು ಹೋದಾಗ ಹಿಡಿತ ಸಿಗದೆ ಅದು ತಿರುಗತೊಡಗಿತು. ಒಂದು ಟನ್ನಿಗೂ ಹೆಚ್ಚು ತೂಕದ ಆ ಪೆಟ್ಟಿಗೆಯನ್ನು ಕೊನೆಗೆ ಇಬ್ಬರು ಸಹಯಾತ್ರಿಗಳು ಹೊರಗೆ ಹೋಗಿ ಬರಿಗೈಯಲ್ಲಿ ಹಿಡಿದು ತಂದರು. ಅವರಲ್ಲೊಬ್ಬರು ಜಪಾನಿನ ತಕಾವೊ ದೊಯಿ. ಜಗತ್ತಿನ ಪತ್ರಿಕೆಗಳಲ್ಲಿ ಕಲ್ಪನಾ ಅವರ ಹೆಸರು ಬಂತು, ಬೆರಳು ಅವರ ಕಡೆ ತೋರಿತು. ನಾಸಾ ತಿಂಗಳುಗಟ್ಟಲೆ ತನಿಖೆ ನಡೆಸಿತು. ನೌಕೆಯ ತಂತ್ರಾಂಶದಲ್ಲಿ, ಯಾತ್ರಿಗಳೂ ನೆಲದ ಮೇಲಿನವರೂ ಅನುಸರಿಸಬೇಕಿದ್ದ ಕ್ರಮಗಳಲ್ಲಿ ದೋಷವಿತ್ತು ಎಂದು ತನಿಖೆ ಕಂಡುಕೊಂಡಿತು. ಒಬ್ಬರ ತಲೆಯ ಮೇಲೆ ಹೊರಿಸುವ ತಪ್ಪು ಅದಾಗಿರಲಿಲ್ಲ.

ಆ ತಿಂಗಳುಗಳನ್ನು ಅವರು ಹೇಗೆ ಕಳೆದರು ಎಂಬುದು ನನಗೆ ಅವರ ಡಿಗ್ರಿಗಳಿಗಿಂತ ದೊಡ್ಡ ಪಾಠ. ಅವರು ಕೆಲಸ ಬಿಡಲಿಲ್ಲ. ನೆಲದ ಮೇಲಿನ ತಾಂತ್ರಿಕ ಹುದ್ದೆಗಳಲ್ಲಿ ದುಡಿದರು. 2000ದಲ್ಲಿ ಅವರನ್ನು ಎರಡನೆಯ ಯಾನಕ್ಕೆ ಆರಿಸಲಾಯಿತು. ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಮನೆಯಿಂದ ಹೊರಗೆ ಮುಖ ತೋರಿಸದ ಮಕ್ಕಳನ್ನು ನಾನು ನೋಡಿದ್ದೇನೆ. ಅವರಿಗೆ ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಇನ್ನು ಆ ಉತ್ತರದ ವಿಷಯ. ಮೊದಲ ಯಾನ ಮುಗಿದ ಮರುವರ್ಷದಿಂದಲೇ, ಅಂದರೆ 1998ರಿಂದ, ಕರ್ನಾಲಿನ ತಮ್ಮ ಹಳೆಯ ಶಾಲೆಯಿಂದ ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳು ನಾಸಾದ ಬೇಸಿಗೆ ಶಿಬಿರಕ್ಕೆ ಹ್ಯೂಸ್ಟನ್ನಿಗೆ ಬರುವಂತೆ ಕಲ್ಪನಾ ಏರ್ಪಾಡು ಮಾಡಿಸಿದರು. ತಾನು ಬಂದ ದಾರಿ ಎಷ್ಟು ದೂರದ್ದೆಂದು ಗೊತ್ತಿದ್ದವರು ಮಾತ್ರ ಹೀಗೆ ಮಾಡುತ್ತಾರೆ. ಪಾಸ್‌ಪೋರ್ಟಿನ ಬಣ್ಣ ಬದಲಾದರೂ ಅವರು ಯಾರವರು ಎಂಬುದಕ್ಕೆ ನನಗೆ ಇಷ್ಟು ಸಾಕು.

ಎರಡನೆಯ ಯಾನ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಬೇರೆ ಯಾನಗಳಿಗೆ ಆದ್ಯತೆ ಸಿಕ್ಕಿತು, ಎಂಜಿನ್ನಿನ ಕೊಳವೆಯೊಳಗೆ ಬಿರುಕು ಕಂಡಿತು. ಎರಡು ವರ್ಷಕ್ಕೂ ಹೆಚ್ಚು ಕಾದ ಮೇಲೆ 2003ರ ಜನವರಿ 16ರಂದು ಕೊಲಂಬಿಯಾ ಹೊರಟಿತು. ನಾಯಕ ರಿಕ್ ಹಸ್ಬೆಂಡ್ ಸೇರಿ ಏಳು ಮಂದಿ. ವಿಜ್ಞಾನಕ್ಕೇ ಮೀಸಲಾದ ಯಾನ ಅದು. ಎರಡು ಪಾಳಿಯಲ್ಲಿ ದಿನದ 24 ಗಂಟೆಯೂ ದುಡಿದು ಸುಮಾರು 80 ಪ್ರಯೋಗ ಮಾಡಿದರು. ತೂಕವಿಲ್ಲದ ಸ್ಥಿತಿಯಲ್ಲಿ ಬೆಂಕಿ ಹೇಗೆ ಉರಿಯುತ್ತದೆ, ಜೀವಕೋಶ ಹೇಗೆ ಬೆಳೆಯುತ್ತದೆ, ಮರುಭೂಮಿಯಿಂದೆದ್ದ ಧೂಳು ಗಾಳಿಯಲ್ಲಿ ಹೇಗೆ ಸಾಗುತ್ತದೆ ಎಂಬ ವಿಷಯಗಳು. ಬಹಳಷ್ಟು ಫಲಿತಾಂಶ ಆಗಲೇ ಭೂಮಿಗೆ ತಲುಪಿತ್ತು.

ನೌಕೆ ಹೊರಟ 82ನೆಯ ಸೆಕೆಂಡಿನ ಹೊತ್ತಿಗೆ ಇಂಧನದ ದೊಡ್ಡ ತೊಟ್ಟಿಯ ಹೊರಮೈಯಿಂದ ನೊರೆಯಂತಹ ಹಗುರ ವಸ್ತುವಿನ ತುಂಡೊಂದು ಕಳಚಿ ಎಡರೆಕ್ಕೆಯ ಅಂಚಿಗೆ ಬಡಿದಿತ್ತು. ತೂಕ ಮುಕ್ಕಾಲು ಕೆ.ಜಿ.ಯಷ್ಟು. ಆದರೆ ಬಡಿದ ವೇಗ ಗಂಟೆಗೆ 800 ಕಿ.ಮೀ.ಗೂ ಹೆಚ್ಚು. ಮರುದಿನ ಚಿತ್ರಗಳಲ್ಲಿ ಅದನ್ನು ಕಂಡ ಎಂಜಿನಿಯರುಗಳು ಚಿಂತೆಗೊಳಗಾದರು. ರೆಕ್ಕೆಯ ಸ್ಪಷ್ಟ ಫೋಟೊ ತೆಗೆಸಬೇಕೆಂಬ ಅವರ ಕೋರಿಕೆಗೆ ಮೇಲಿನವರಿಂದ ಒಪ್ಪಿಗೆ ಸಿಗಲಿಲ್ಲ. ನೊರೆ ತುಂಡು ಹಿಂದಿನ ಯಾನಗಳಲ್ಲೂ ಕಳಚಿ ಬಿದ್ದಿತ್ತು, ಏನೂ ಆಗಿರಲಿಲ್ಲ ಎಂಬ ಧೈರ್ಯ. ಫೆಬ್ರವರಿ 1ರಂದು ನೌಕೆ ಮರಳುವಾಗ ವಾಯುಮಂಡಲದ ಘರ್ಷಣೆಯ ಕೆಂಡದಂತಹ ಬಿಸಿ ರೆಕ್ಕೆಯ ತೂತಿನಿಂದ ಒಳಹೊಕ್ಕಿತು. ಇಳಿಯಲು ಇನ್ನು 16 ನಿಮಿಷವಿತ್ತು. ನಮ್ಮಲ್ಲಿ ಆಗ ಶನಿವಾರ ಸಂಜೆ ಏಳೂವರೆ. ಸುಮಾರು 60 ಕಿ.ಮೀ. ಎತ್ತರದಲ್ಲಿ, ಟೆಕ್ಸಾಸಿನ ಮೇಲೆ ಕೊಲಂಬಿಯಾ ಒಡೆದುಹೋಯಿತು. ಏಳು ಮಂದಿಯೂ ಉಳಿಯಲಿಲ್ಲ. 20 ವರ್ಷ ಹಿಂದೆ ಕರ್ನಾಲಿನ ಹುಡುಗಿ ಓದಲೆಂದು ಬಂದಿಳಿದದ್ದು ಅದೇ ಟೆಕ್ಸಾಸಿಗೆ.

ಎರಡೂ ಯಾನ ಸೇರಿ ಕಲ್ಪನಾ ಆಕಾಶದಲ್ಲಿ ಇದ್ದದ್ದು 31 ದಿನ ಮತ್ತು ಕೆಲವು ಗಂಟೆ. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಅಮೆರಿಕದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಹರಡಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ತನಿಖಾ ವರದಿ ನೊರೆ ತುಂಡಿನ ಜೊತೆಗೆ ಸಂಸ್ಥೆಯ ಅಭ್ಯಾಸಗಳನ್ನೂ ದೂಷಿಸಿತು. ಸಣ್ಣ ದೋಷ ಪದೇ ಪದೇ ಕಂಡಾಗ ಅದಕ್ಕೆ ಒಗ್ಗಿಹೋಗುವುದು ಎಷ್ಟು ಅಪಾಯ ಎಂಬುದನ್ನು ಆ ವರದಿ ಬಿಡಿಸಿ ಹೇಳಿತು.

ಈ ಕಥೆ ಹೇಳಿದ ಮೇಲೆ ಕೆಲವು ಪೋಷಕರು ನನ್ನನ್ನು ಕೇಳಿದ್ದುಂಟು. ಕೊನೆಗೆ ಹೀಗಾಗುವುದಾದರೆ ಅಷ್ಟು ದೂರ ಕಳಿಸಿ ಆ ಮನೆಯವರಿಗೆ ಸಿಕ್ಕಿದ್ದೇನು, ಇಂಥದ್ದನ್ನು ಹೆಣ್ಣುಮಕ್ಕಳಿಗೆ ಯಾಕೆ ಹೇಳುತ್ತೀರಿ ಎಂದು. ಪ್ರಶ್ನೆ ನ್ಯಾಯವಾದದ್ದು. ಮಗಳನ್ನು ಕಳೆದುಕೊಂಡ ತಂದೆತಾಯಿಯ ದುಃಖಕ್ಕೆ ಯಾವ ಕೀರ್ತಿಯೂ ಸಮವಲ್ಲ. ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಆದರೆ 1982ರಲ್ಲಿ ಒಪ್ಪಿಗೆ ಸಿಗದೆ ಹೋಗಿದ್ದರೆ ಏನಾಗುತ್ತಿತ್ತು ಎಂದೂ ಯೋಚಿಸಬೇಕು. ತಾನು ಏನಾಗಬಹುದಿತ್ತು ಎಂಬುದನ್ನು ತಿಳಿಯದೆಯೇ ಒಬ್ಬಳು ಬದುಕು ಮುಗಿಸುತ್ತಿದ್ದಳು. ಆ ನಷ್ಟದ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ನಮ್ಮ ಊರುಗಳಲ್ಲಿ ಆಗಿರುವ ನಷ್ಟ ಹೆಚ್ಚಿನದು ಈ ಬಗೆಯದು. ಒಳ್ಳೆಯ ಅಂಕ ತೆಗೆದ ಹುಡುಗಿ ತೀರ್ಥಹಳ್ಳಿಗೆ ಬಸ್ಸಿಲ್ಲವೆಂದೋ, ಮಳೆಗಾಲದಲ್ಲಿ ದಾರಿ ಕಷ್ಟವೆಂದೋ, ಶಿವಮೊಗ್ಗದ ಹಾಸ್ಟೆಲಿಗೆ ಒಬ್ಬಳನ್ನೇ ಹೇಗೆ ಬಿಡುವುದೆಂದೋ ಮನೆಯಲ್ಲೇ ಉಳಿದದ್ದನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನು ಇದೇ ಶಾಲೆಗೆ ಕರೆತರುತ್ತಾರೆ. ಮಗಳನ್ನು ಎಲ್ಲಿಯವರೆಗೂ ಓದಿಸುತ್ತೇನೆ ಎಂದು ಅವರಾಗಿಯೇ ಹೇಳುವುದನ್ನು ಕೇಳಿದಾಗ ನನಗೆ ಸಮಾಧಾನವಾಗುತ್ತದೆ.

ಕಲ್ಪನಾ ಅವರಿಗೂ ನಮ್ಮ ಊರಿಗೂ ಒಂದು ನಂಟಿದೆ. ಅದು ಬಹಳ ಮಂದಿಗೆ ಗೊತ್ತಿಲ್ಲ. 2002ರ ಸೆಪ್ಟೆಂಬರ್ 12ರಂದು ಇಸ್ರೋ ಶ್ರೀಹರಿಕೋಟಾದಿಂದ ಮೆಟ್‌ಸ್ಯಾಟ್ ಎಂಬ ಉಪಗ್ರಹ ಹಾರಿಸಿತ್ತು. ಹವಾಮಾನಕ್ಕೇ ಮೀಸಲಾಗಿ ಇಸ್ರೋ ಕಟ್ಟಿದ ಮೊದಲ ಉಪಗ್ರಹ. ತಯಾರಾದದ್ದು ಬೆಂಗಳೂರಿನಲ್ಲಿ, ನಿಯಂತ್ರಣ ಹಾಸನದಿಂದ. ಕೊಲಂಬಿಯಾ ದುರಂತದ ಕೆಲವೇ ದಿನಗಳ ಮೇಲೆ, 2003ರ ಫೆಬ್ರವರಿ 5ರಂದು, ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅದಕ್ಕೆ ಕಲ್ಪನಾ-1 ಎಂದು ಹೆಸರಿಟ್ಟರು. ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ಅದು ನಿಂತಿತ್ತು. ಆಗುಂಬೆ ಇರುವುದು 75 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ವಾಲಿದಂತೆ ಅದರ ಜಾಗ. ಏಳು ವರ್ಷಕ್ಕೆಂದು ಕಟ್ಟಿದ ಅದು ಅದಕ್ಕೂ ಹೆಚ್ಚು ವರ್ಷ ದುಡಿಯಿತು. ಅರಬ್ಬೀ ಸಮುದ್ರದಿಂದ ಎದ್ದು ಸೋಮೇಶ್ವರದ ಕಡೆಯಿಂದ ಘಾಟಿ ಹತ್ತಿ ಬರುವ ಮುಂಗಾರಿನ ಮೋಡಗಳನ್ನು ಮಳೆಗಾಲದಿಂದ ಮಳೆಗಾಲಕ್ಕೆ ನೋಡುತ್ತಾ ಹವಾಮಾನ ಇಲಾಖೆಗೆ ಚಿತ್ರ ಕಳಿಸಿತು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಊರಿನ ಮೇಲೆ, ನಮಗೆ ಆಕಾಶವೇ ಕಾಣದ ದಿನಗಳಲ್ಲಿ, ಆ ಹೆಸರಿನ ಉಪಗ್ರಹ ನಮ್ಮ ಮೋಡಗಳನ್ನು ಮೇಲಿನಿಂದ ನೋಡುತ್ತಿತ್ತು. ಯುವ ಮಹಿಳಾ ವಿಜ್ಞಾನಿಗಳಿಗಾಗಿ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನೂ ಸ್ಥಾಪಿಸಿತು.

ಲೇಖನ ಮುಗಿಸುವ ಮುನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ಒಂದು ವಿನಂತಿ ಇಡುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಏನು ಮಾಡಬೇಕೆಂಬ ಚರ್ಚೆ ನಡೆದಿದೆ. ಕಟ್ಟಡ, ಕಮಾನು, ರಂಗಮಂಟಪ ಎಲ್ಲವೂ ಆಗಲಿ. ಅದರ ಜೊತೆಗೆ ಪ್ರತಿ ವರ್ಷ ನಮ್ಮ ಶಾಲೆಯ ಇಬ್ಬರು ಮಕ್ಕಳನ್ನು, ಅವರಲ್ಲಿ ಒಬ್ಬಳಾದರೂ ಹುಡುಗಿ ಇರುವಂತೆ, ಬೇಸಿಗೆ ರಜೆಯಲ್ಲಿ ಒಂದು ವಾರ ಬೆಂಗಳೂರಿಗೆ ಕರೆಸಿಕೊಳ್ಳೋಣ. ನೆಹರೂ ತಾರಾಲಯ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಎಚ್‌ಎಎಲ್ ವಸ್ತುಸಂಗ್ರಹಾಲಯ ಇವನ್ನು ತೋರಿಸೋಣ. ಅಲ್ಲಿ ನೆಲೆಸಿರುವ ನೀವು ನಿಮ್ಮ ಮನೆಯಲ್ಲಿ ಉಳಿಸಿಕೊಂಡರೆ ಖರ್ಚು ಬಸ್ ಚಾರ್ಜಿನದಷ್ಟೆ. ಮಕ್ಕಳನ್ನು ಕಳಿಸಿ ಎಂದು ಪೋಷಕರನ್ನು ಒಪ್ಪಿಸುವ ಕೆಲಸ ಶಿಕ್ಷಕರಾದ ನಮ್ಮದು. ಕಲ್ಪನಾ ತಮ್ಮ ಶಾಲೆಗೆ ಮಾಡಿದ್ದು ಇದನ್ನೇ. ಅವರು ಹ್ಯೂಸ್ಟನ್ನಿಗೆ ಕರೆಸಿಕೊಂಡರು, ನಾವು ಬೆಂಗಳೂರಿನಿಂದ ಆರಂಭಿಸೋಣ. ಮುಂದಿನ ಬೇಸಿಗೆಗೆ ಹೊರಡುವ ಮೊದಲ ಇಬ್ಬರ ಹೆಸರನ್ನು ಈ ಸಂಚಿಕೆ ಬಿಡುಗಡೆಯಾಗುವ ದಿನವೇ ವೇದಿಕೆಯ ಮೇಲೆ ಓದಬೇಕೆಂಬುದು ನನ್ನ ಆಸೆ.